ಉಸುಕಿನಲ್ಲಿ ಸಿಕ್ಕ ಜೋಡಿ ಬಟ್ಟಲು

ನಮ್ಮ ಮನೆಯಲ್ಲಿ ಎರಡು ಝಾರಾಗಳಿವೆ, ತೂತಿನ ಸೌಟುಗಳು. ಒಂದರಲ್ಲಿ ಭಜಿ ಕರಿದು ತೆಗೆಯುತ್ತಾರೆ, ಇನ್ನೊಂದು ನನ್ನದು. ನನ್ನದನ್ನು ಹೆಂಡತಿ ಪಾತ್ರೆಗಳ ಸಾಲಿನಲ್ಲಿ ಇಡಗೊಡುವುದಿಲ್ಲ. ಹಿತ್ತಲ ಬಾಗಿಲ ಹಿಂದೆ, ಕಸಬರಿಗೆಯ ಪಕ್ಕದ ಮೊಳೆಗೆ ತೂಗುಹಾಕಿದ್ದಾಳೆ. ಉಪ್ಪುನೀರಿಗೆ ಅದರ ಹಿಡಿಕೆ ತುಕ್ಕು ಹಿಡಿದಿದೆ. ಎಷ್ಟು ತೊಳೆದರೂ ತೂತುಗಳಲ್ಲಿ ಒಂದಿಷ್ಟು ಉಸುಕು ಉಳಿದೇ ಇರುತ್ತದೆ. ಮೊನ್ನೆ ಹಳಿಯಾಳದಿಂದ ಬಂದ ಬೀಗರೊಬ್ಬರು ಕೈ ತೊಳೆಯಲು ಹಿತ್ತಲಿಗೆ ಹೋದವರು ಅದನ್ನು ನೋಡಿ, ಇದ್ಯಾಕೆ ಇಲ್ಲಿ ಎಂದು ಕೇಳಿದರು. "ಅದು ನಮ್ಮನಿಯವರು ಬಂಗಾರ ಕರಿಯೂ ಝಾರಾರಿ" ಎಂದಳು ನನ್ನ ಹೆಂಡತಿ. ಬೀಗರು ನಕ್ಕರು, ನಾನೂ ನಕ್ಕೆ. ನನ್ನ ಕಿವಿ ಬಿಸಿಯಾದದ್ದು ಅವರಿಗೆ ಕಾಣಲಿಲ್ಲ. ನಿಮಗಾದರೂ ಹೇಳಿಕೊಂಡರೆ ಅದು ತುಸು ತಣ್ಣಗಾದೀತೋ ಏನೋ.

ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡುತ್ತ ನಿವೃತ್ತನಾದವನು. ಧಾರವಾಡದ ಕಡೆಯಿಂದ ಇಲ್ಲಿಗೆ ಬಂದ ನಮ್ಮಪ್ಪನೂ ಅದೇ ಕಾರ್ಖಾನೆಯಲ್ಲಿ ಬಿದಿರು ಇಳಿಸುತ್ತಿದ್ದ. ನಿವೃತ್ತರಾದವರಿಗೆ ಊರಿನಲ್ಲಿ ಎರಡು ದಾರಿ. ಒಂದು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಹೋಗಿ ಬರುವ ಬಸ್ಸುಗಳ ಮೇಲುಸ್ತುವಾರಿ ಮಾಡುವುದು. ಇನ್ನೊಂದು, ಮನೆಯಲ್ಲೇ ಕುಳಿತು ಹೆಂಡತಿಯ ಅಡಿಗೆಯ ಮೇಲುಸ್ತುವಾರಿ ಮಾಡುವುದು. ನಾನು ಎರಡನ್ನೂ ಪ್ರಯತ್ನಿಸಿದೆ. ಎರಡೂ ಕಡೆ ನನ್ನ ಸೇವೆ ಬೇಕಾಗಿಲ್ಲ ಎಂಬುದು ಬೇಗ ತಿಳಿಯಿತು.

ಹುಡುಕುವ ಚಟ ಮಾತ್ರ ಚಿಕ್ಕಂದಿನದು. ನಾವು ಕಾಲೊನಿಯ ಚಾಳಿನಲ್ಲಿದ್ದಾಗ ಅವ್ವನ ಮೂಗುಬೊಟ್ಟು ಒಮ್ಮೆ ಕಳೆದಿತ್ತು. ಬಂಗಾರ ಕಳೆದ ಮನೆಯ ಕಸ ಹೊರಗೆ ಚೆಲ್ಲಬಾರದು ಎಂಬುದು ನಮ್ಮ ಹೆಣ್ಣುಮಕ್ಕಳ ಕಟ್ಟುನಿಟ್ಟು. ಗುಡಿಸಿದ ಕಸವನ್ನೆಲ್ಲ ಅವ್ವ ಒಂದು ಮೂಲೆಯಲ್ಲಿ ಗುಡ್ಡೆ ಹಾಕುತ್ತ ಹೋದಳು. ಹುಣಸೆ ಬೀಜ, ಕೂದಲುಂಡೆ, ಬೀಡಿ ತುಂಡು, ಬಳೆಚೂರು, ಉಗುರು, ಒಣಗಿದ ಅನ್ನದ ಅಗುಳು, ಎಲ್ಲವೂ ಮೂಲೆಯಲ್ಲಿ ಬೆಳೆಯತೊಡಗಿತು. ಅದನ್ನು ಜರಡಿ ಹಿಡಿಯುವ ಕೆಲಸ ನನ್ನದು. ಎರಡು ಕಾಲಿನ ನಡುವೆ ಜರಡಿ ಇಟ್ಟುಕೊಂಡು, ಮೂಗಿಗೆ ಅಂಗಿಯ ತುದಿ ಕಟ್ಟಿಕೊಂಡು ನಾನು ಮಾಡಿದ ಆ ಸಂಶೋಧನೆಯ ಸುಖವನ್ನು ಶಾಲೆಯ ಯಾವ ಪಾಠವೂ ನನಗೆ ಕೊಡಲಿಲ್ಲ. ಮೂಗುಬೊಟ್ಟು ಕೊನೆಗೆ ಸಿಕ್ಕಿದ್ದು ಅವ್ವನ ಕುಪ್ಪಸದ ಹೊಲಿಗೆಯೊಳಗೆ. ಹುಡುಕಿದವನು ನಾನಲ್ಲ ಎಂದು ನಾನು ಅತ್ತಿದ್ದೆನಂತೆ. ಕಳೆದದ್ದು ಸಿಕ್ಕಿತಲ್ಲ ಎಂಬ ಸಂತೋಷಕ್ಕಿಂತ ಸಿಕ್ಕಿದ್ದು ನನ್ನ ಕೈಗಲ್ಲವಲ್ಲ ಎಂಬ ಸಂಕಟ ದೊಡ್ಡದಾಗಿರುವ ಈ ಸ್ವಭಾವ ನನಗೆ ಆಗಿನಿಂದಲೇ ಇದೆ. ಹೆಂಡತಿ ಇದನ್ನು ಬೇರೆ ಶಬ್ದಗಳಲ್ಲಿ ಆಗಾಗ ಹೇಳುತ್ತಾಳೆ.

ಯಂತ್ರದ ಹುಚ್ಚು ಹಿಡಿಸಿದವನು ಮಕ್ತುಮ್. ಪೇಟೆಯಲ್ಲಿ ಟೀವಿ, ಮಿಕ್ಸರು ರಿಪೇರಿ ಮಾಡುವ ಗೆಳೆಯ. ವಿದೇಶದ ಸಮುದ್ರದಂಡೆಗಳಲ್ಲಿ ಮುದುಕರು ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿಕೊಂಡು ಓಡಾಡಿ ಬಂಗಾರದ ಉಂಗುರ ಎತ್ತುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ನಾವೂ ಮುದುಕರು, ನಮ್ಮ ಜಿಲ್ಲೆಯಲ್ಲೂ ಸಮುದ್ರ ಇದೆ, ಇನ್ನೇನು ಬೇಕು ಎಂಬುದು ಅವನ ತರ್ಕ. ಸಾದಾ ಯಂತ್ರಗಳು ಉಪ್ಪುನೀರಿನ ಹಸಿ ಉಸುಕಿಗೇ ಮೋಸಹೋಗಿ ಸುಮ್ಮನೆ ಕೂಗುತ್ತವೆ. ಅದಕ್ಕೇ ನಾವು ಕಟ್ಟಲು ಹೊರಟದ್ದು ಬೇರೆ ಬಗೆಯದು, ಹೆಸರು ಪಲ್ಸ್ ಇಂಡಕ್ಷನ್. ಸುರುಳಿ ಸುತ್ತಿದ ತಾಮ್ರದ ತಂತಿಗೆ ಒಂದು ಝಟಕಾ ಕರೆಂಟು ಕೊಟ್ಟು ತಟ್ಟನೆ ನಿಲ್ಲಿಸಿ, ನೆಲದೊಳಗಿಂದ ಏನಾದರೂ ಮಾರುತ್ತರ ಬರುತ್ತದೆಯೋ ಎಂದು ಕಿವಿಗೊಡುತ್ತದೆ. ಬಾವಿಗೆ ಬಗ್ಗಿ ಕೂ ಎಂದು ಕೂಗಿ ಸುಮ್ಮನಾಗುವ ಹಾಗೆ. ಉಪ್ಪುನೀರಿನ ಮಾರುತ್ತರ ಬೇಗ ಸಾಯುತ್ತದೆ, ಲೋಹದ್ದು ತುಸು ತಡೆದು ಸಾಯುತ್ತದೆ. ಆ ತುಸುವೇ ನಮ್ಮ ಬಂಡವಾಳ.

ಪಿವಿಸಿ ಪೈಪು, ತರಿಸಿದ ಸರ್ಕೀಟು, ಪ್ಲಾಸ್ಟಿಕ್ ತಟ್ಟೆ, ಹಳೆಯ ಹೆಡ್‌ಫೋನು ಸೇರಿ ಯಂತ್ರ ಸಿದ್ಧವಾಯಿತು. ಮಕ್ತುಮ್ ಒಂದು ಮಾತನ್ನು ಮೊದಲೇ ಹೇಳಿದ್ದ. "ನೋಡ್ರಿ ದೋಸ್ತ್, ಇದು ಲೋಹ ಐತಿ ಅಂತ ಅಷ್ಟ ಹೇಳತೈತಿ. ಯಾವ್ದು, ಯಾರದು ಅಂತ ಇದಕ್ಕ ತಿಳ್ಯಂಗಿಲ್ಲ. ಅದನ್ನ ನಾವ ನೋಡ್ಕೋಬೇಕು." ನಾನು ಅವಸರದಲ್ಲಿ ಹೂಂ ಎಂದಿದ್ದೆ.

ಜೋಯಿಡಾ ದಾಟಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಆ ಕೋಲನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಕೂರುತ್ತಿದ್ದೆ. ತಂಬೂರಿ ಏನ್ರಿ ಎಂದು ಒಬ್ಬ ಕಂಡಕ್ಟರು ಕೇಳಿದಾಗ ಹೌದು ಎಂದುಬಿಟ್ಟೆ. ಅವನು ಭಕ್ತಿಯಿಂದ ಮುಂದಿನ ಸೀಟು ಕೊಟ್ಟ. ಅಲ್ಲಿಂದ ಕಾರವಾರದವರೆಗೆ ನಾನು ಭಜನೆಯವರ ಮುಖ ಮಾಡಿಕೊಂಡು ಕೂರಬೇಕಾಯಿತು. ದಂಡೆಯ ಮೇಲಂತೂ ನಾಚಿಕೆಗೆ ನೂರು ಬಾಗಿಲು. ಹೆಡ್‌ಫೋನು ಹಾಕಿಕೊಂಡು ಕೋಲು ಬೀಸುತ್ತ ಹೊರಟವನನ್ನು ನೋಡಿ ಯಾರೂ ಸುಮ್ಮನಿರುವುದಿಲ್ಲ. ಒಬ್ಬ ಪೊಲೀಸಪ್ಪ ಬಾಂಬು ಹುಡುಕುವವನೆಂದು ತಿಳಿದು ಹಿಂದಕ್ಕೆ ಸರಿದ, ಆಮೇಲೆ ಬಾಂಬು ಇಡುವವನೆಂದು ತಿಳಿದು ಮುಂದಕ್ಕೆ ಬಂದ. ಒಬ್ಬಳು ತಾಯಿ ತನ್ನ ಮಗುವಿಗೆ, ಓದದಿದ್ದರೆ ಹೀಗಾಗುತ್ತೀ ಎಂದು ನನ್ನನ್ನು ತೋರಿಸಿದಳು. ಸಿಕ್ಕಿದ್ದೇನು ಎಂದು ಕೇಳಬೇಡಿ. ಸೋಡಾ ಬಾಟಲಿಯ ಮುಚ್ಚಳ, ಮೀನಿನ ಗಾಳ, ಬಲೆಗೆ ಕಟ್ಟುವ ಸೀಸದ ಗುಂಡು, ಕೊಡೆಯ ಕಡ್ಡಿ. ಇವನ್ನೆಲ್ಲ ಉಸುಕಿನಿಂದ ಸೋಸಿ ತೆಗೆಯಲು ಅಡಿಗೆಮನೆಯ ಝಾರಾ ಕದ್ದೊಯ್ದಿದ್ದೆ. ತಂದು ಮತ್ತೆ ಅದರ ಜಾಗದಲ್ಲಿಟ್ಟ ಸಂಜೆ ಮನೆಯಲ್ಲಿ ಭಜಿ ಹಲ್ಲಿಗೆ ಕರಕರ ಎಂದಾಗ ಕಳವು ಬಯಲಾಯಿತು.

ಬಂಗಾರ ಸಿಗದಿದ್ದರೂ ಓಣಿಯಲ್ಲಿ ಕೊಚ್ಚಿಕೊಳ್ಳುವುದನ್ನು ನಾನು ಬಿಟ್ಟಿರಲಿಲ್ಲ. ನನ್ನ ಯಂತ್ರ ಒಂದು ಮೊಳ ಆಳದ ಉಂಗುರವನ್ನು ಹಿಡಿಯುತ್ತದೆ ಎಂದು ಹೇಳಿದ್ದೆ. ಹಿಡಿದಿರಲಿಲ್ಲ. ಪಕ್ಕದ ಮನೆಯ ಗಂಗಕ್ಕ ಮಾತ್ರ ಇದನ್ನೆಲ್ಲ ಶ್ರದ್ಧೆಯಿಂದ ಕೇಳಿ, "ಅಣ್ಣಾರ ತಲಿ ಭಾಳ ಐತಿ" ಎನ್ನುತ್ತಿದ್ದಳು. ಅವಳ ಮಗ ಮಂಜು ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾನೆ. ಸೊಸೆ ರೂಪಾ ಹಳಿಯಾಳ ಹತ್ತಿರದ ಸಾಂಬ್ರಾಣಿಯವಳು. ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮಾತು ಕಡಿಮೆ, ನನ್ನನ್ನು ಕಾಕಾ ಎಂದು ಕರೆಯುತ್ತಾಳೆ.

ಸಂಕ್ರಮಣದ ದಿನ ನಮ್ಮ ಕಡೆಯವರು ಎಳ್ಳು ಅರಿಷಿಣ ಅರೆದು ಮೈಗೆ ಹಚ್ಚಿಕೊಂಡು ಹರಿಯುವ ನೀರಿನಲ್ಲಿ ಮೀಯಬೇಕು. ಕಾಳಿ ನದಿ ಮನೆಯ ಹಿಂದೆಯೇ ಇದ್ದರೂ ಆ ವರ್ಷ ಓಣಿಯವರಿಗೆ ಕಾರವಾರದಲ್ಲಿ ಅದು ಸಮುದ್ರ ಸೇರುವಲ್ಲೇ ಹೋಗಿ ಮೀಯುವ ಹುಕಿ ಬಂತು. ಎರಡು ಟೆಂಪೊ ತುಂಬ ಜನ, ಜನರ ತೊಡೆಯ ಮೇಲೆಲ್ಲ ಬುತ್ತಿಗಂಟು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕೆನೆಮೊಸರು. ಸಮುದ್ರದಲ್ಲಿ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಕೊರಳು, ಬೆನ್ನು, ತೋಳಿಗೆ ಎಳ್ಳು ಹಚ್ಚಿ ತಿಕ್ಕಿಕೊಂಡರು. ಬೇರೆ ಊರಿನವರೂ ಬೇಕಾದಷ್ಟು ಜನ ಬಂದಿದ್ದರು. ನಾನು ಮೊಣಕಾಲಿನವರೆಗೆ ಮಾತ್ರ ಪುಣ್ಯ ಸಂಪಾದಿಸಿ ಬುತ್ತಿಯ ಹತ್ತಿರ ಬಂದು ಕುಳಿತೆ.

ಊಟಕ್ಕೆ ಕುಳಿತಾಗ ರೂಪಾ ಕೊರಳು ಮುಟ್ಟಿಕೊಂಡಳು. ತಾಳಿ ಇರಲಿಲ್ಲ. ಎಣ್ಣೆ ಎಳ್ಳಿನ ಕೈಯಲ್ಲಿ ತಿಕ್ಕುವಾಗ ಕೊಂಡಿ ಬಿಚ್ಚಿ ಜಾರಿತ್ತು. ಅವಳು ಅಳಲಿಲ್ಲ, ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು, ಅಷ್ಟೇ. ಎಲ್ಲರೂ ನೀರಿಗಿಳಿದು ಕಾಲಿನಲ್ಲಿ ತಡಕಾಡಿದರು. ಗಂಗಕ್ಕ ಸೊಸೆಯನ್ನು ಬಯ್ಯಲಿಲ್ಲ, ಆದರೆ ತಲೆಯ ಮೇಲೆ ಕೈಹೊತ್ತು ಉಸುಕಿನಲ್ಲೇ ಕುಳಿತುಬಿಟ್ಟಳು. ಸಮುದ್ರ ಏರತೊಡಗಿತು. ಆಗ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಚಿಂತೆ ಮಾಡಬೇಡಿ, ಮುಂದಿನ ರವಿವಾರ ಯಂತ್ರ ತಂದು ತೆಗೆದುಕೊಡುತ್ತೇನೆ ಎಂದೆ. ನೋಡೋಣ ಎನ್ನಬಹುದಿತ್ತು, ಪ್ರಯತ್ನ ಮಾಡುತ್ತೇನೆ ಎನ್ನಬಹುದಿತ್ತು. ನಾನು ತೆಗೆದುಕೊಡುತ್ತೇನೆ ಎಂದೆ. ರೂಪಾ ತಲೆಯೆತ್ತಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಬೇರೆ ಯಾರನ್ನೂ ಅವಳು ಹಾಗೆ ನೋಡಿರಲಿಲ್ಲ.

ರವಿವಾರ ಮಂಜು, ರೂಪಾ, ಗಂಗಕ್ಕ, ನನ್ನ ಹೆಂಡತಿ, ನಾನು ಹೋದೆವು. ಇಳಿತದ ಹೊತ್ತು. ನೀರು ಹಿಂದಕ್ಕೆ ಸರಿದು ಹಸಿ ಉಸುಕು ಕನ್ನಡಿಯಂತೆ ಬಿದ್ದಿತ್ತು. ನಾನು ಹೆಡ್‌ಫೋನು ಏರಿಸಿ ಹೊರಟೆ. ಮುಚ್ಚಳ, ಗಾಳ, ಮುಚ್ಚಳ. ಬೆನ್ನು ಹಿಡಿದುಕೊಂಡಿತು. ನಾಲ್ವರೂ ಹಿಂದೆ ಮೆರವಣಿಗೆಯಂತೆ ಬರುತ್ತಿದ್ದರು. ಪ್ರತಿ ಸಲ ಝಾರಾ ಎತ್ತಿದಾಗ ರೂಪಾ ಒಂದು ಹೆಜ್ಜೆ ಮುಂದೆ ಬರುತ್ತಿದ್ದಳು, ಮುಚ್ಚಳ ಕಂಡು ಮತ್ತೆ ಹಿಂದೆ ಸರಿಯುತ್ತಿದ್ದಳು. ಬಿಸಿಲು ಏರಿತು. ಇನ್ನು ಸಾಕು ಎಂದು ಹೆಂಡತಿ ಹೇಳುವುದಕ್ಕೂ ಕಿವಿಯಲ್ಲಿ ತೆಳುವಾದ ದನಿ ಏಳುವುದಕ್ಕೂ ಸರಿಹೋಯಿತು. ಅಗೆದೆ. ಝಾರಾದಿಂದ ಉಸುಕು ಸೋರಿಹೋಗಿ ನಡುವೆ ಉಳಿದದ್ದು ಎರಡು ಬಂಗಾರದ ತಾಳಿಬಟ್ಟಲು, ಹರಿದ ಸರದಲ್ಲಿ ಒಂದಿಷ್ಟು ಕರಿಮಣಿ.

ನಾನು ಕೂಗಿದ ಕೂಗಿಗೆ ಬಲೆ ಎಳೆಯುತ್ತಿದ್ದವರು ತಿರುಗಿ ನೋಡಿದರು. ಜನ ಓಡಿ ಬಂದರು. ಯಾರೋ ಮೊಬೈಲು ಹಿಡಿದರು, ಇನ್ಯಾರೋ ಚಪ್ಪಾಳೆ ತಟ್ಟಿದರು. ನಾನು ಝಾರಾವನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು, ನೋಡಿ, ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ, ಒಂದು ಗೀರೂ ಬಿದ್ದಿಲ್ಲ ಎಂದು ಮೊಬೈಲಿನ ಕಡೆ ತಿರುಗಿ ವಿವರಿಸಿದೆ. ಆಮೇಲೆ ಅದನ್ನು ರೂಪಾಳ ಅಂಗೈಯಲ್ಲಿಟ್ಟೆ. ಅವಳು ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ನನ್ನ ಮುಖ ನೋಡಿದಳು. "ಇದ ಹೌದಿಲ್ಲವಾ?" ಎಂದು ನಾನೇ ಕೇಳಿದೆ.

"ಹೌದ್ರಿ ಕಾಕಾ" ಎಂದಳು.

ಗಂಗಕ್ಕ ಮುಂದೆ ಬಂದು ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾರೂ ಮಾತಾಡಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದುಕೊಂಡೆ. ಗಂಗಕ್ಕ ಅಲ್ಲಿನ ಎಳನೀರಿನವನ ಹತ್ತಿರ ತುಸು ಹೊತ್ತು ಏನೋ ಮಾತಾಡಿ ಬಂದಳು. ನನ್ನ ವಿಷಯವೇ ಇರಬೇಕು ಎಂದು ಬೀಗಿದೆ. ಘಟ್ಟ ಹತ್ತುವಾಗ ಹೆಂಡತಿ ನನ್ನನ್ನು ಎರಡು ಸಲ ತಿರುಗಿ ನೋಡಿದಳು. ಅದನ್ನೂ ಮೆಚ್ಚುಗೆಯ ಖಾತೆಗೇ ಜಮಾ ಮಾಡಿಕೊಂಡೆ.

ವಿಡಿಯೊ ಊರೂರು ಸುತ್ತಿತು. ಓಣಿಯ ಯುವಕರು ನನ್ನನ್ನು ತಮ್ಮ ಮಂಡಳದ ಕಟ್ಟೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ನಾಲ್ಕು ಮಾತಾಡಿ ಎಂದರೆ ನಾನು ಪಲ್ಸ್ ಇಂಡಕ್ಷನ್ನಿನ ಮೇಲೆ ಎಷ್ಟು ಹೊತ್ತು ಮಾತಾಡಿದೆನೆಂದರೆ, ಮೈಕಿನವನು ವಯರು ಸುತ್ತತೊಡಗಿದ. ಜೋಯಿಡಾ ಕಡೆಯ ಒಬ್ಬ ತನ್ನ ಹಿತ್ತಲಲ್ಲಿ ಅಜ್ಜ ಹೂಳಿಟ್ಟ ಕೊಡ ಇದೆ ಎಂದು ಬಂದ. ಒಬ್ಬಳು ಹುಲ್ಲಿನ ಬಣವೆಯಲ್ಲಿ ಬಿದ್ದ ಬೆಂಡೋಲೆಗೆ ಕರೆದಳು. ಬೆಂಡೋಲೆ ಸಿಗಲಿಲ್ಲ, ಕುಡುಗೋಲು ಸಿಕ್ಕಿತು. ಅದಕ್ಕೂ ಅವರು ಚಹಾ ಕೊಟ್ಟರು. ರೂಪಾ ಸಿಕ್ಕಾಗಲೆಲ್ಲ ನಾನು ಅವಳ ಎದುರಿಗೇ ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಸಂಕೋಚದ ಹುಡುಗಿ ಎಂದು ಅದಕ್ಕೂ ನಾನೇ ಟಿಪ್ಪಣಿ ಸೇರಿಸುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಮನೆ ಕೇಳಿಕೊಂಡು ಬಂದಳು. ಮುಂಡಗೋಡ ತಾಲೂಕಿನ ಪಾಳಾದವಳು. ಬಸ್ಸು ಬದಲಿಸಿ ಬದಲಿಸಿ ಬಂದು ದಣಿದಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಕೊಟ್ಟ ನೀರನ್ನು ಪಕ್ಕಕ್ಕಿಟ್ಟು, ಸಂಕ್ರಮಣಕ್ಕೆ ತಾವೂ ಅಲ್ಲೇ ಮೀಯಲು ಹೋಗಿದ್ದುದಾಗಿ, ತನ್ನ ತಾಳಿಯೂ ಅಲ್ಲೇ ಜಾರಿಹೋದದ್ದಾಗಿ ಹೇಳಿದಳು. ಅಕ್ಕನ ಮಗ ಮೊನ್ನೆ ತೋರಿಸಿದ ವಿಡಿಯೊದಲ್ಲಿ ಬಟ್ಟಲುಗಳನ್ನು ನೋಡಿದವಳೇ ನನ್ನ ಊರು ವಿಚಾರಿಸಿಕೊಂಡು ಹೊರಟಳಂತೆ.

"ಅದು ನಮ್ಮ ಬಾಜೂ ಮನಿ ಹುಡುಗೀದವಾ. ಆಕಿನ ಗುರ್ತ ಹಿಡದಾಳ" ಎಂದೆ.

ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಎಲ್ಲರ ತಾಳಿಯಲ್ಲೂ ಎರಡು ಬಟ್ಟಲು, ಒಂದು ತವರಿನವರು ಮಾಡಿಸಿದ್ದು, ಇನ್ನೊಂದು ಗಂಡನ ಮನೆಯವರು ಮಾಡಿಸಿದ್ದು. ಎರಡು ಮನೆ, ಇಬ್ಬರು ಅಕ್ಕಸಾಲಿಗರು. ಹಾಗಾಗಿ ಒಂದು ತುಸು ದೊಡ್ಡದು, ಒಂದು ತುಸು ಸಣ್ಣದು ಇದ್ದೇ ಇರುತ್ತದೆ. ಅವಳದು ಮಾತ್ರ ಸೋದರಮಾವನ ಜೊತೆ ಆದ ಮದುವೆ. ಬೆಳೆದದ್ದು ಅಜ್ಜಿಯ ಮನೆಯಲ್ಲೇ, ಹಾಗಾಗಿ ತವರೂ ಅದೇ, ಗಂಡನ ಮನೆಯೂ ಅದೇ. ಅಜ್ಜಿ ತನ್ನ ಒಂದೇ ಬಳೆ ಮುರಿಸಿ ಒಬ್ಬನೇ ಅಕ್ಕಸಾಲಿಗನ ಕೈಯಲ್ಲಿ ಎರಡನ್ನೂ ಒಂದೇ ಅಳತೆಯಲ್ಲಿ ಮಾಡಿಸಿದ್ದಳು. "ಹಂಗ ಜೋಡಿ ಯಾರ ಕೊರಳಾಗೂ ನಾ ನೋಡಿಲ್ರಿ ಕಾಕಾರ. ಮಂದಿ ನನ್ನ ಕೊರಳ ನೋಡಿ ನಗತಿದ್ರು."

ಮದುವೆಯಾಗಿ ತಲೆ ಬೆಳ್ಳಗಾಗುವಷ್ಟು ಕಾಲ ನನ್ನ ಹೆಂಡತಿಯ ಕೊರಳಲ್ಲೂ ಒಂದು ಜೋಡಿ ಬಟ್ಟಲು ತೂಗಿದೆ. ಅವು ಸಮವೋ ಅಲ್ಲವೋ ನಾನು ಒಮ್ಮೆಯೂ ನೋಡಿರಲಿಲ್ಲ. ಆದರೆ ಝಾರಾದಲ್ಲಿ ಕಂಡ ಆ ಎರಡು ಮಾತ್ರ ನನಗೆ ಚೆನ್ನಾಗಿ ನೆನಪಿದ್ದವು. ಅವನ್ನು ಮೊಬೈಲಿಗೆ ತೋರಿಸಿ ಹೊಗಳಿದವನೇ ನಾನು. ರೂಪಾಳನ್ನು ಕೂಗಿ ಕರೆಯುವುದಕ್ಕೆ ಒಂದು ಗೋಡೆ ಅಡ್ಡ, ಅಷ್ಟೇ. ಕರೆದರೆ ಅವಳು ಸುಳ್ಳು ಹೇಳಿದ್ದು ಬಯಲಾಗುತ್ತದೆ, ಅತ್ತೆಯ ಮುಂದೆ ಅವಳ ಗತಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಶಾಲು, ಚಪ್ಪಾಳೆ, ವಿಡಿಯೊ. ಆಗ ನಾನು ಹೇಳಿದ್ದನ್ನು ಬರೆಯಲು ಈಗಲೂ ಕೈ ಹಿಂದೇಟು ಹಾಕುತ್ತದೆ.

"ಇಲ್ಲವಾ. ಅವು ಒಂದ ಸಣ್ಣದು, ಒಂದ ದೊಡ್ಡದು ಇದ್ವು" ಎಂದೆ.

ಅವಳೇ ಆಗಷ್ಟೇ ಕಲಿಸಿದ ಮಾತನ್ನು ಅವಳಿಗೇ ತಿರುಗಿಸಿ ಹೇಳಿದ್ದೆ. ಅವಳು ನನ್ನನ್ನು ನೋಡಿದಳು. ವಾದಿಸಲಿಲ್ಲ. ವಿಡಿಯೊ ಅವಳ ಮೊಬೈಲಿನಲ್ಲೇ ಇದ್ದಿರಬೇಕು, ತೆಗೆದು ತೋರಿಸಲಿಲ್ಲ. ನೀರಿನ ತಂಬಿಗೆ ಎತ್ತಿಕೊಂಡು ಈಗ ಕುಡಿದಳು. ಒಳಗೆ ಹೆಂಡತಿ ಒಲೆ ಆರಿಸಿದ ಸದ್ದು ಕೇಳಿತು, ಆಮೇಲೆ ಹಿತ್ತಲ ಬಾಗಿಲು ತೆರೆದ ಸದ್ದು. ಅವಳು ಎಲ್ಲವನ್ನೂ ಕೇಳಿಸಿಕೊಂಡು ಪಕ್ಕದ ಮನೆಗೆ ಹೋಗಿದ್ದಳು.

ಗಂಗಕ್ಕ ಕೈಯಲ್ಲಿ ಕುಂಕುಮದ ಭರಣಿ ಹಿಡಿದುಕೊಂಡು ಬಂದಳು, ಹಿಂದೆ ರೂಪಾ. ಹೆಣ್ಣುಮಕ್ಕಳ ಕೊರಳು ದಿಟ್ಟಿಸಬಾರದು ಎಂಬ ಸಜ್ಜನಿಕೆಯಲ್ಲಿ ನಾನು ಆವರೆಗೆ ನೋಡದೇ ಇದ್ದದ್ದನ್ನು ಆಗ ನೋಡಿದೆ. ರೂಪಾಳ ಕೊರಳಲ್ಲಿ ಅರಿಷಿಣದ ದಾರಕ್ಕೆ ಕಟ್ಟಿದ ಅರಿಷಿಣ ಕೊಂಬು ಮಾತ್ರ ಇತ್ತು. ತಾಳಿ ಕಳೆದವರು ಹೊಸದು ಆಗುವವರೆಗೆ ಕಟ್ಟಿಕೊಳ್ಳುವುದು ಅದನ್ನೇ. ಅವಳು ಆ ಬಟ್ಟಲುಗಳನ್ನು ಒಂದು ದಿನವೂ ಧರಿಸಿರಲಿಲ್ಲ.

ಗಂಗಕ್ಕ ಬಂದವಳನ್ನು, ನಿನ್ನದು ಹೇಗಿತ್ತು ಹೇಳವ್ವ ಎಂದು ಕೇಳಿದಳು. ಅವಳು ಹೇಳಿದಳು. ಗಂಗಕ್ಕ ಭರಣಿ ತೆರೆದಳು. ಒಳಗೆ ಹತ್ತಿಯ ಮೇಲೆ ಎರಡು ಬಟ್ಟಲು, ತೊಳೆದ ಕರಿಮಣಿ, ಸಮುದ್ರದಲ್ಲಿ ಹರಿದದ್ದು ಹರಿದಂತೆಯೇ. "ಯಾರದೋ ಏನೋ, ಹುಡುಕ್ಕೊಂತ ಬಂದ ಬರ್ತಾರ ಅಂತ ದೇವರ ಜಗಲಿ ಮ್ಯಾಲ ಇಟ್ಟಿದ್ನೆವಾ. ಅಲ್ಲಿ ಎಳನೀರಿನವನ ಕಡೆ ನಮ್ಮ ಹುಡುಗನ ನಂಬರ ಕೊಟ್ಟ ಬಂದಿದ್ದೆ. ಯಾರೂ ಕೇಳಾಕ ಬಂದಿಲ್ಲ ಅಂದ" ಎಂದಳು. ಪಾಳಾದ ಹೆಣ್ಣುಮಗಳು ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ರೂಪಾ ಅವಳ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟಳು.

ಗಂಗಕ್ಕನಿಗೆ ನಾನು ಹೇಳಿದ ಸುಳ್ಳು ಗೊತ್ತಿರಲಿಲ್ಲ. ಇಂಥ ಜೋಡಿ ಸಿಕ್ಕಿದ್ದನ್ನು ಅಣ್ಣಾರು ನಿನಗೆ ಹೇಳಿದರೇನವ್ವ ಎಂದು ಸಹಜವಾಗಿ ಕೇಳಿದಳು. ಹೆಂಡತಿ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು ನನ್ನ ಕಡೆ ಒಮ್ಮೆ ತಿರುಗಿದಳು.

"ಹೌದ್ರಿ ಯವ್ವಾ, ಕಾಕಾರು ಈಗ ಅದನ್ನ ಹೇಳಾಕ ಹತ್ತಿದ್ರು" ಎಂದಳು.

ಹೊರಡುವಾಗ ಅವಳು ಕಾಲು ಮುಟ್ಟಲು ಬಗ್ಗಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ಬಂದದ್ದು ಮಂಜು. ನಾನು ಕುರ್ಚಿಯಲ್ಲೇ ಇದ್ದೆ. ಅವಮಾನವಾಯಿತು ಎಂದು ಹೇಳಲು ಅಲ್ಲಿ ಯಾರೂ ನನ್ನನ್ನು ಅವಮಾನಿಸಿರಲಿಲ್ಲ. ಎಲ್ಲರೂ ಮಾನ ಉಳಿಸಿದ್ದರು. ಸಂಕಟ ಅದೇ ಆಗಿತ್ತು.

ಸಂಜೆ ಹೆಂಡತಿಯನ್ನು ಕೇಳಿದೆ, ನಿನಗೂ ಗೊತ್ತಿತ್ತೇ ಎಂದು. "ಝಾರಾ ಎತ್ತಿದಾಗನ ಗೊತ್ತಾತು. ನಿಮಗೊಬ್ಬರಿಗ ಬಿಟ್ಟು ಎಲ್ಲಾ ಹೆಣ್ಣುಮಕ್ಕಳಿಗೂ ಗೊತ್ತಿತ್ತು" ಎಂದಳು. ಗಂಗಕ್ಕನಿಗೆ ಗೊತ್ತಿರದೆ ಇರುತ್ತದೆಯೇ, ಗಂಡನ ಮನೆಯ ಬಟ್ಟಲು ಮಾಡಿಸಿದವಳು ಅವಳೇ. ಹಾಗಾದರೆ ನನಗೇಕೆ ಹೇಳಲಿಲ್ಲ ಎಂದೆ. ಅವಳು ತಟ್ಟೆ ತಂದಿಟ್ಟಳು. ಶಾಲು ಹೊದ್ದು ಮೈಕಿನ ಮುಂದೆ ನಿಂತಾಗ ಎದುರು ಕುಳಿತ ಹೆಂಗಸರೆಲ್ಲ ಅಷ್ಟು ಗಂಭೀರವಾಗಿ ಕೇಳುತ್ತಿದ್ದುದು ವಿಜ್ಞಾನದ ಮೇಲಿನ ಆಸಕ್ತಿಯಿಂದ ಎಂದು ನಾನು ತಿಳಿದಿದ್ದೆ.

ಮರುದಿನ ರೂಪಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯ ಹತ್ತಿರ ಹೋಗಿ ನಿಂತೆ. ನಿನ್ನೆ ನಾನು ಆ ಹೆಣ್ಣುಮಗಳಿಗೆ ಸುಳ್ಳು ಹೇಳಿದೆ ಎಂದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ, ಕಾಕಿ ಹೇಳಿದ್ದಾರೆ ಎಂದಳು. ಅವತ್ತು ದಂಡೆಯ ಮೇಲೆ ನಿನ್ನದಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಅವಳು ಹಿಂಡಿದ ಬಟ್ಟೆಯನ್ನು ತಂತಿಯ ಮೇಲೆ ಹರವಿದಳು.

"ಅವತ್ತ ನಿಮ್ಮ ಮಾರಿ ನೋಡಿದೆರಿ ಕಾಕಾ. ಅಷ್ಟ ಮಂದಿ ಮುಂದ ಅಲ್ಲ ಅಂದ್ರ ನೀವು ಏನಾಗ್ತಿದ್ರೋ ಅನಸ್ತು. ಹೋಗಿದ್ದು ಹೆಂಗೂ ಹೋಗಿತ್ತು."

ಕಳೆದುಕೊಂಡವಳು ಅವಳು. ಅವಳ ಅವ್ವ ತನ್ನ ಕಿವಿಯದನ್ನು ಕರಗಿಸಿ ಮಾಡಿಸಿದ ಬಟ್ಟಲು ಸಮುದ್ರದ ಪಾಲಾಗಿ, ಸಿಕ್ಕಿತು ಎಂದು ಎದೆ ಹಾರಿ, ಅಂಗೈಯಲ್ಲಿ ಬೇರೆಯವರದನ್ನು ನೋಡಿದ ಆ ಗಳಿಗೆಯಲ್ಲಿ ಅವಳು ಯೋಚಿಸಿದ್ದು ನನ್ನ ಬಗ್ಗೆ. ನಾನು ಯೋಚಿಸುತ್ತಿದ್ದದ್ದೂ ನನ್ನ ಬಗ್ಗೆಯೇ. ಅದೂ ಸಾಲದೆ, ಕಳೆದದ್ದು ಸಿಕ್ಕಿದೆ ಎಂದು ನಾನು ಊರಿಗೆಲ್ಲ ಸಾರಿದ್ದರಿಂದ ಆಮೇಲೆ ಯಾರೂ ಅವಳದನ್ನು ಹುಡುಕಲೂ ಹೋಗಲಿಲ್ಲ. ಹೊಸ ಉಸುಕು ಬಂದು ಹಳೆಯದನ್ನು ಮುಚ್ಚಿಕೊಳ್ಳುವ ಆ ದಿನಗಳಲ್ಲಿ ನಾನು ಬಣವೆಯಲ್ಲಿ ಕುಡುಗೋಲು ಹುಡುಕುತ್ತಿದ್ದೆ.

ಶಾಲನ್ನು ಮಂಡಳಕ್ಕೆ ಹಿಂದಿರುಗಿಸಿ ನಡೆದದ್ದನ್ನು ಹೇಳಿದೆ. ಹುಡುಗರು ಇರಲಿ ಬಿಡ್ರಿ ಎಂದು ಅದನ್ನೇ ಮತ್ತೆ ಹೊದಿಸಲು ಬಂದರು. ಈ ಊರಿನಲ್ಲಿ ಒಬ್ಬ ಮನುಷ್ಯ ಸರಿಯಾಗಿ ನಾಚಿಕೆಪಡುವುದಕ್ಕೂ ಜನ ಬಿಡುವುದಿಲ್ಲ.

ಈಗ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತ ನೋಡಿಕೊಂಡು ನಾನು ಕಾರವಾರಕ್ಕೆ ಹೋಗುತ್ತೇನೆ. ಕೋಲನ್ನು ಲುಂಗಿಯಲ್ಲಿ ಸುತ್ತುವುದಿಲ್ಲ. ಸಾಧ್ಯವಾದಾಗ ರೂಪಾ ಕೂಡ ಬರುತ್ತಾಳೆ, ಮಂಜು ಬರುತ್ತಾನೆ. ಯಂತ್ರ ದನಿ ಮಾಡಿದರೆ ನಾನು ಜಾಗ ತೋರಿಸಿ ಪಕ್ಕಕ್ಕೆ ಸರಿಯುತ್ತೇನೆ. ಝಾರಾ ಹಿಡಿದು ಕೂರುವವಳು ಅವಳು. ಉಸುಕು ಸೋರುತ್ತದೆ, ಅವಳು ಬಗ್ಗಿ ನೋಡುತ್ತಾಳೆ. ಕಳೆದ ಸಲ ಒಂದು ಸಣ್ಣ ಉಂಗುರ ಸಿಕ್ಕಿತು. ನನ್ನ ಮುಖ ಹಾಳಾದ್ದು ತಾನಾಗಿ ಅರಳಿಬಿಟ್ಟಿತು.

"ಅಲ್ರಿ ಕಾಕಾ, ಇದು ನಂದಲ್ಲ" ಎಂದಳು ರೂಪಾ, ನನ್ನ ಮುಖ ನೋಡದೆಯೇ, ಸಲೀಸಾಗಿ.

ಎಳನೀರಿನವನ ಹತ್ತಿರ ಹೇಳಿ, ಪೊಲೀಸಪ್ಪನ ಕೈಗೆ ಉಂಗುರ ಕೊಟ್ಟು ಬಂದೆವು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನಾನು ಆ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತ ಕುಳಿತಿದ್ದೆ. ಅಷ್ಟನ್ನು ಎದುರಿನವರು ಅಂಜದೆ ಹೇಳಬಹುದಾದಂಥ ಮುಖ ಅಂದು ದಂಡೆಯ ಮೇಲೆ ನನಗೆ ಇದ್ದಿದ್ದರೆ, ಆ ಹುಡುಗಿ ಸುಳ್ಳು ಹೇಳಬೇಕಾಗಿರಲಿಲ್ಲ.